ಸಮುದ್ರದ ಸುಳಿ ತೋರಿಸುವ ಪ್ಲಗಿನ್: ಬರೆಯುವುದು ಸುಲಭ, ಉಳಿಸಿಕೊಳ್ಳುವುದು ಹೇಗೆ?

ಐರೋಲಿ (ನವಿ ಮುಂಬೈ): ಐರೋಲಿಯಿಂದ ಮುಲುಂಡ್ ಕಡೆಗೆ ಸೇತುವೆ ದಾಟುವಾಗ ಕೆಳಗೆ ಕಾಣುವುದು ಥಾಣೆ ಖಾಡಿ. ಉಬ್ಬರದ ಹೊತ್ತಿಗೆ ಅರಬ್ಬಿ ಸಮುದ್ರದ ಉಪ್ಪುನೀರು ಇಲ್ಲಿವರೆಗೂ ಏರಿ ಬರುತ್ತದೆ. ಇಳಿತದ ಹೊತ್ತಿಗೆ ಕೆಸರು ಬಯಲಾಗಿ ಫ್ಲೆಮಿಂಗೊಗಳು ಸಾಲುಗಟ್ಟುತ್ತವೆ. ನೋಡುವವರ ಕಣ್ಣಿಗೆ ಸಿಗುವುದು ನೀರಿನ ಮೇಲ್ಮೈ ಮಾತ್ರ. ಐವತ್ತು ಅಥವಾ ನೂರು ಮೀಟರ್ ಆಳದಲ್ಲಿ ಸಮುದ್ರದ ನೀರು ಯಾವ ಕಡೆ ಹರಿಯುತ್ತಿದೆ, ಅದರಲ್ಲಿ ಉಪ್ಪು ಎಷ್ಟಿದೆ, ಸುಳಿ ಎಲ್ಲಿ ಹುಟ್ಟಿ ಎಲ್ಲಿ ಸಾಯುತ್ತದೆ ಎಂಬುದು ಬರಿಗಣ್ಣಿಗೆ ಕಾಣುವುದಿಲ್ಲ.

ಕಾಣದ್ದನ್ನು ಕಾಣಿಸುವ ಕೆಲಸ ಮಾಡುವುದು ವೈಜ್ಞಾನಿಕ ದೃಶ್ಯೀಕರಣದ ತಂತ್ರಾಂಶಗಳು. ಇವುಗಳಲ್ಲಿ ಹೆಸರಾದ ಹಲವು ಮುಕ್ತ ತಂತ್ರಾಂಶಗಳು. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ಒಳಗಿನ ಕೋಡ್ ತೆರೆದು ನೋಡಬಹುದು, ಬದಲಿಸಬಹುದು. ಅವುಗಳಿಗೆ ಹೊಸ ಸಾಮರ್ಥ್ಯ ಕೊಡುವ ಸಣ್ಣ ಜೋಡಣೆಗಳೇ ಪ್ಲಗಿನ್‌ಗಳು. ಈ ಕ್ಷೇತ್ರದಲ್ಲಿ ಭಾರತದ್ದೇ ಎರಡು ಗಟ್ಟಿ ಉದಾಹರಣೆಗಳಿವೆ. ಒಂದು, ಐರೋಲಿ ಸೇತುವೆಯ ಆಚೆ ಪವಾಯಿಯಲ್ಲಿರುವ ಐಐಟಿ ಬಾಂಬೆಯ ಪ್ರಾಧ್ಯಾಪಕರು ರೂಪಿಸಿದ 'ಮಾಯಾವಿ'. ಇನ್ನೊಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ತಯಾರಾದ 'ಪೈಪ್ಯಾರಾಓಶನ್'.

ಇಂಥ ಪ್ಲಗಿನ್ ಒಂದನ್ನು ಬರೆಯುವುದು ಹೇಗೆ? ಬರೆದ ಮೇಲೆ ಅದು ಹಾಳಾಗದಂತೆ ನೋಡಿಕೊಳ್ಳುವುದು ಏಕೆ ಅಷ್ಟು ಕಷ್ಟ? ಇಲ್ಲಿದೆ ಮಾಹಿತಿ.

ಏನಿದು ವೈಜ್ಞಾನಿಕ ದೃಶ್ಯೀಕರಣ?

ಹವಾಮಾನ, ಸಮುದ್ರ, ವಿಮಾನದ ರೆಕ್ಕೆಯ ಸುತ್ತಲಿನ ಗಾಳಿ, ದೇಹದ ಸ್ಕ್ಯಾನ್ ಹೀಗೆ ವಿಜ್ಞಾನದ ಯಾವ ಕ್ಷೇತ್ರವೇ ಆಗಲಿ, ಕಂಪ್ಯೂಟರ್ ಕೊಡುವುದು ಅಂಕಿಗಳ ರಾಶಿಯನ್ನು. ಆ ರಾಶಿಯನ್ನು ಮೂರು ಆಯಾಮದ ಚಿತ್ರವಾಗಿಸಿ, ತಿರುಗಿಸಿ, ಸೀಳಿ, ಒಳಗೆ ಇಣುಕಿ ನೋಡಲು ಅನುವು ಮಾಡಿಕೊಡುವುದೇ ವೈಜ್ಞಾನಿಕ ದೃಶ್ಯೀಕರಣ.

ರಾಶಿ ಎಷ್ಟು ದೊಡ್ಡದು ಎಂಬುದನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಬಂಗಾಳಕೊಲ್ಲಿಯ ಸುತ್ತಲಿನ 20 ಡಿಗ್ರಿ ಉದ್ದ, 20 ಡಿಗ್ರಿ ಅಗಲದ ಭಾಗವನ್ನು ತೆಗೆದುಕೊಳ್ಳಿ. ಪ್ರತಿ ಡಿಗ್ರಿಯನ್ನು 12 ಭಾಗ ಮಾಡಿದರೆ ಸುಮಾರು 9 ಕಿ.ಮೀ.ಗೊಂದು ಬಿಂದು ಸಿಗುತ್ತದೆ. ಮೇಲ್ಮೈಯಲ್ಲಿ 240 ಗುಣಿಸು 240, ಅಂದರೆ 57,600 ಬಿಂದುಗಳು. ಆಳದಲ್ಲಿ 50 ಪದರ ಎಂದುಕೊಂಡರೆ 28.8 ಲಕ್ಷ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನ 122 ದಿನಗಳಿಗೆ ದಿನಕ್ಕೊಂದರಂತೆ ಲೆಕ್ಕ ಹಾಕಿದರೆ 35 ಕೋಟಿಗೂ ಹೆಚ್ಚು ಅಂಕಿಗಳು. ಇದು ಲವಣಾಂಶ ಒಂದಕ್ಕೇ. ಉಷ್ಣಾಂಶ, ಪೂರ್ವ-ಪಶ್ಚಿಮ ಹರಿವು, ಉತ್ತರ-ದಕ್ಷಿಣ ಹರಿವು ಸೇರಿದರೆ ಒಂದೇ ಮುಂಗಾರಿನ ಕಡತ 5.6 ಜಿಬಿ ಆಗುತ್ತದೆ. ಹತ್ತು ವರ್ಷಗಳ ಮುಂಗಾರನ್ನು ಹೋಲಿಸಬೇಕೆಂದರೆ 56 ಜಿಬಿ. ಇದನ್ನು ಎಕ್ಸೆಲ್ ಹಾಳೆಯಲ್ಲಿ ತೆರೆದು ನೋಡುವ ಮಾತೇ ಇಲ್ಲ.

ಈ ಕ್ಷೇತ್ರದ ತಾಯಿಬೇರು ವಿಟಿಕೆ ಎಂಬ ತಂತ್ರಾಂಶ ಭಂಡಾರ. ವಿಲ್ ಶ್ರೋಡರ್, ಕೆನ್ ಮಾರ್ಟಿನ್, ಬಿಲ್ ಲೊರೆನ್ಸನ್ ಎಂಬ ಮೂವರು ಅಮೆರಿಕದಲ್ಲಿ ತಮ್ಮ ಪುಸ್ತಕದ ಜೊತೆಗೆಂದು 1993ರಲ್ಲಿ ಇದನ್ನು ಬರೆಯಲು ಆರಂಭಿಸಿದರು. 1998ರಲ್ಲಿ ಹುಟ್ಟಿದ ಕಿಟ್‌ವೇರ್ ಕಂಪನಿ ಮುಂದೆ ಇದನ್ನು ಬೆಳೆಸಿತು. ಇದೇ ಕಂಪನಿ ಅಮೆರಿಕದ ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯದ ಜೊತೆ ಸೇರಿ 2000ರಲ್ಲಿ ಪ್ಯಾರಾವ್ಯೂ ಕೆಲಸ ಶುರು ಮಾಡಿತು. 2002ರಲ್ಲಿ ಅದು ಮೊದಲ ಬಾರಿಗೆ ಸಾರ್ವಜನಿಕರಿಗೆ ಸಿಕ್ಕಿತು. ವಿಟಿಕೆ ಎಂಬುದು ಎಂಜಿನ್ ಆದರೆ ಪ್ಯಾರಾವ್ಯೂ ಆ ಎಂಜಿನ್ ಕೂರಿಸಿದ ವಾಹನ. ಮೌಸ್ ಹಿಡಿದು ಕೆಲಸ ಮಾಡಬಹುದು, ಕೋಡ್ ಬರೆಯಲೇಬೇಕೆಂದಿಲ್ಲ. ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ, ಸೂಪರ್ ಕಂಪ್ಯೂಟರ್‌ನಲ್ಲೂ ಓಡುತ್ತದೆ.

ಪ್ಲಗಿನ್ ಎಂದರೇನು?

ಪ್ಯಾರಾವ್ಯೂ ಎಲ್ಲರಿಗೂ ಬೇಕಾದ ಕೆಲಸಗಳನ್ನು ಮಾಡುತ್ತದೆ: ಸೀಳಿ ತೋರಿಸುವುದು, ಬಣ್ಣ ಬಳಿಯುವುದು, ಹರಿವಿನ ಗೆರೆ ಎಳೆಯುವುದು, ಒಂದೇ ಮೌಲ್ಯವಿರುವ ಬಿಂದುಗಳನ್ನು ಸೇರಿಸಿ ಮೇಲ್ಮೈ ಕಟ್ಟುವುದು ಇತ್ಯಾದಿ. ಆದರೆ ಸಮುದ್ರ ವಿಜ್ಞಾನಿಗೆ ಬೇಕಿರುವುದು 'ಸುಳಿ ಎಲ್ಲಿದೆ ಹೇಳು' ಎಂಬ ಒಂದು ಗುಂಡಿ. ವೈದ್ಯರಿಗೆ ಬೇಕಿರುವುದು ಬೇರೆ, ಭೂಗರ್ಭ ಶಾಸ್ತ್ರಜ್ಞರಿಗೆ ಬೇಕಿರುವುದು ಮತ್ತೂ ಬೇರೆ. ಎಲ್ಲರ ಬೇಡಿಕೆಯನ್ನೂ ಮೂಲ ತಂತ್ರಾಂಶಕ್ಕೇ ತುರುಕಿದರೆ ಅದು ಯಾರಿಗೂ ಬಗ್ಗದಷ್ಟು ಭಾರವಾಗುತ್ತದೆ.

ಅದಕ್ಕೆಂದೇ ಪ್ಲಗಿನ್ ವ್ಯವಸ್ಥೆ. ಮೂಲ ತಂತ್ರಾಂಶವನ್ನು ಮುಟ್ಟದೆ, ಹೊರಗಿನಿಂದ ಒಂದು ಕಡತ ತಂದು ಜೋಡಿಸಿದರೆ ಅದರೊಳಗಿನ ಹೊಸ ಕೆಲಸ ಮೆನುವಿನಲ್ಲಿ ಕಾಣಿಸಿಕೊಳ್ಳುತ್ತದೆ. ಪ್ಯಾರಾವ್ಯೂನ 'ಟೂಲ್ಸ್' ಮೆನುವಿನಲ್ಲಿ ಪ್ಲಗಿನ್ ನಿರ್ವಹಣೆಯ ಕಿಟಕಿ ಇದೆ. ಅಲ್ಲಿ ಕಡತ ತೋರಿಸಿ 'ಲೋಡ್' ಒತ್ತಿದರೆ ಸಾಕು. ಬಳಸುವವರಿಗೆ ಅದು ಮೊದಲಿನಿಂದ ಅಲ್ಲೇ ಇತ್ತೇನೋ ಎನಿಸುತ್ತದೆ.

ಪವಾಯಿಯ 'ಮಾಯಾವಿ'

ಐಐಟಿ ಬಾಂಬೆಯ ಏರೋಸ್ಪೇಸ್ ಎಂಜಿನಿಯರಿಂಗ್ ವಿಭಾಗದ ಪ್ರಾಧ್ಯಾಪಕ ಪ್ರಭು ರಾಮಚಂದ್ರನ್ ಈ ಶತಮಾನದ ಆರಂಭದಲ್ಲಿ ರೂಪಿಸಿದ ತಂತ್ರಾಂಶ ಮಾಯಾವಿ. ಆಗ ವಿಟಿಕೆ ಬಳಸಬೇಕೆಂದರೆ ಒಂದು ಚಿತ್ರಕ್ಕೂ ಹತ್ತಾರು ಸಾಲು ಕೋಡ್ ಬರೆಯಬೇಕಿತ್ತು. ಪೈಥಾನ್ ಬಲ್ಲ ಎಂಜಿನಿಯರ್ ಒಂದೆರಡು ಸಾಲಿನಲ್ಲೇ ಅದೇ ಚಿತ್ರ ಪಡೆಯುವಂತೆ ಮಾಡಿದ್ದು ಮಾಯಾವಿಯ ಸಾಧನೆ. ಎರಡನೇ ಪೀಳಿಗೆಯ ಮಾಯಾವಿ ಅಮೆರಿಕದ ಎನ್‌ಥಾಟ್ ಕಂಪನಿಯ ನೆರವಿನಿಂದ ಬೆಳೆಯಿತು. ಫ್ರಾನ್ಸಿನ ಗಯೆಲ್ ವರೊಕೊ ಜೊತೆಗೂಡಿ ರಾಮಚಂದ್ರನ್ ಬರೆದ ಮಾಯಾವಿ ಕುರಿತ ಪ್ರಬಂಧ 2011ರಲ್ಲಿ 'ಕಂಪ್ಯೂಟಿಂಗ್ ಇನ್ ಸೈನ್ಸ್ ಆ್ಯಂಡ್ ಎಂಜಿನಿಯರಿಂಗ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಮಾಯಾವಿಯ ಒಳರಚನೆಯಲ್ಲಿ ಎರಡು ಪಾಠಗಳಿವೆ. ಮೊದಲನೆಯದು, ಮಾಯಾವಿ ಅಪ್ಲಿಕೇಶನ್ ಸ್ವತಃ ಪ್ಲಗಿನ್‌ಗಳಿಂದ ಕಟ್ಟಿದ್ದು. 'ಎನ್ವಿಸೇಜ್' ಎಂಬ ಚೌಕಟ್ಟಿನ ಮೇಲೆ ಒಂದೊಂದು ಭಾಗವೂ ಕಳಚಿ ಜೋಡಿಸಬಹುದಾದ ತುಂಡಾಗಿ ಕೂರುತ್ತದೆ. ಬಳಕೆದಾರರು ಗೊತ್ತುಪಡಿಸಿದ ಹೆಸರಿನ ಒಂದು ಪೈಥಾನ್ ಕಡತ ಬರೆದಿಟ್ಟರೆ ತಮ್ಮದೇ ಫಿಲ್ಟರ್‌ಗಳು ಅದರೊಳಗೆ ಸೇರಿಕೊಳ್ಳುತ್ತವೆ.

ಎರಡನೆಯದು ಇನ್ನೂ ಮುಖ್ಯ. ವಿಟಿಕೆಯಲ್ಲಿ ಸಾವಿರಕ್ಕೂ ಹೆಚ್ಚು ಘಟಕಗಳಿವೆ. ಪ್ರತಿಯೊಂದಕ್ಕೂ ಕೈಯಿಂದಲೇ ಪೈಥಾನ್ ಹೊದಿಕೆ ಬರೆಯುತ್ತಾ ಕೂತರೆ, ವಿಟಿಕೆಯ ಹೊಸ ಆವೃತ್ತಿ ಬಂದಾಗಲೆಲ್ಲ ಎಲ್ಲವನ್ನೂ ತಿದ್ದಬೇಕು. ಮಾಯಾವಿ ಹಾಗೆ ಮಾಡಲಿಲ್ಲ. ಅದರೊಳಗಿನ ಟಿವಿಟಿಕೆ ಎಂಬ ಭಾಗವು ಕಂಪ್ಯೂಟರ್‌ನಲ್ಲಿರುವ ವಿಟಿಕೆಯನ್ನು ತಾನೇ ಓದಿ, ಬೇಕಾದ ಹೊದಿಕೆಯನ್ನು ತಾನೇ ಬರೆದುಕೊಳ್ಳುತ್ತದೆ. ವಿಟಿಕೆಗೆ ಹೊಸ ಘಟಕ ಸೇರಿದರೆ ಅದಕ್ಕೂ ಹೊದಿಕೆ ಹುಟ್ಟುತ್ತದೆ. ಇಷ್ಟು ವರ್ಷ ಮಾಯಾವಿ ಬಾಳಿಕೆ ಬಂದಿರುವುದರಲ್ಲಿ ಈ ಮುಂದಾಲೋಚನೆಯ ಪಾಲು ದೊಡ್ಡದು.

ಬೆಂಗಳೂರಿನ ಪೈಪ್ಯಾರಾಓಶನ್

ಬಂಗಾಳಕೊಲ್ಲಿಗೆ ಗಂಗಾ, ಬ್ರಹ್ಮಪುತ್ರ, ಇರಾವದಿ, ಗೋದಾವರಿಯಂಥ ದೊಡ್ಡ ನದಿಗಳು ಸಿಹಿನೀರು ಸುರಿಯುತ್ತವೆ. ಜೊತೆಗೆ ಭಾರಿ ಮಳೆ. ಹಾಗಾಗಿ ಅದರ ಮೇಲ್ಪದರದ ನೀರಿನಲ್ಲಿ ಉಪ್ಪು ಕಡಿಮೆ. ಅರಬ್ಬಿ ಸಮುದ್ರದಲ್ಲಿ ಇದಕ್ಕೆ ತದ್ವಿರುದ್ಧ. ಆವಿಯಾಗುವುದು ಹೆಚ್ಚು, ಬಂದು ಸೇರುವ ಸಿಹಿನೀರು ಕಡಿಮೆ. ಮುಂಗಾರಿನ ತಿಂಗಳುಗಳಲ್ಲಿ ಶ್ರೀಲಂಕಾದ ದಕ್ಷಿಣಕ್ಕೆ ಪೂರ್ವಾಭಿಮುಖವಾಗಿ ಹರಿಯುವ 'ಬೇಸಿಗೆ ಮಾನ್ಸೂನ್ ಪ್ರವಾಹ' ಅರಬ್ಬಿ ಸಮುದ್ರದ ಉಪ್ಪು ಹೆಚ್ಚಿರುವ ನೀರನ್ನು ಬಂಗಾಳಕೊಲ್ಲಿಯ ಒಳಗೆ ಒಯ್ಯುತ್ತದೆ. ಉಪ್ಪುನೀರು ಭಾರವಾದ್ದರಿಂದ ಮೇಲಿನ ಹಗುರ ನೀರಿನ ಅಡಿಗೆ ಜಾರುತ್ತದೆ. ಮೇಲಿನಿಂದ ನೋಡುವ ಉಪಗ್ರಹಕ್ಕೆ ಅದು ಕಾಣುವುದಿಲ್ಲ.

ಇದು ಕೇವಲ ಪುಸ್ತಕದ ವಿಷಯವಲ್ಲ. ಬಂಗಾಳಕೊಲ್ಲಿಯ ಮೇಲ್ಪದರ ಎಷ್ಟು ಬಿಸಿಯಾಗಿರುತ್ತದೆ, ಕೆಳಗಿನ ತಂಪು ನೀರು ಮೇಲೆ ಬರುತ್ತದೆಯೇ ಇಲ್ಲವೇ ಎಂಬುದರ ಮೇಲೆ ಅಲ್ಲಿ ಹುಟ್ಟುವ ಮೋಡ, ವಾಯುಭಾರ ಕುಸಿತ, ಚಂಡಮಾರುತಗಳ ಬಲ ನಿಂತಿದೆ. ಆ ಮಳೆಯನ್ನೇ ನಂಬಿ ಬಿತ್ತುವ ರೈತರು ದೇಶದ ಉದ್ದಗಲಕ್ಕೂ ಇದ್ದಾರೆ. ಇದನ್ನು ಅರಿಯಲೆಂದೇ 2016ರ ಜೂನ್-ಜುಲೈನಲ್ಲಿ 'ಸಿಂಧು ಸಾಧನಾ' ಎಂಬ ಸಂಶೋಧನಾ ಹಡಗಿನಲ್ಲಿ ಭಾರತ ಮತ್ತು ಬ್ರಿಟನ್‌ನ ವಿಜ್ಞಾನಿಗಳು 'ಬಾಬಲ್' ಹೆಸರಿನ ಪ್ರಯೋಗ ನಡೆಸಿದ್ದರು. ಐಐಎಸ್‌ಸಿಯ ವಾತಾವರಣ ಮತ್ತು ಸಾಗರ ವಿಜ್ಞಾನ ಕೇಂದ್ರದ ಪಿ.ಎನ್. ವಿನಯಚಂದ್ರನ್ ಅದರ ಮುಂಚೂಣಿಯಲ್ಲಿದ್ದರು.

ಅದೇ ಕ್ಯಾಂಪಸ್‌ನ ಕಂಪ್ಯೂಟರ್ ಸೈನ್ಸ್ ಆ್ಯಂಡ್ ಆಟೊಮೇಷನ್ ವಿಭಾಗದಲ್ಲಿ ವಿಜಯ್ ನಟರಾಜನ್ ಅವರ ತಂಡ ದೃಶ್ಯೀಕರಣದ ಸಂಶೋಧನೆ ನಡೆಸುತ್ತದೆ. ಸಾಗರ ವಿಜ್ಞಾನ ಹಾಗೂ ಕಂಪ್ಯೂಟರ್ ವಿಜ್ಞಾನ ಹೀಗೆ ಜೊತೆಗೂಡಿದ್ದರ ಫಲವೇ ಪೈಪ್ಯಾರಾಓಶನ್. ಸ್ವೀಡನ್‌ನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದ ಇಂಗ್ರಿಡ್ ಹಾಟ್ಸ್ ಕೂಡ ಇದರ ಸಹಲೇಖಕರು. 2023ರಲ್ಲಿ ಪರಿಸರ ವಿಜ್ಞಾನದ ದೃಶ್ಯೀಕರಣ ಕುರಿತ ಕಾರ್ಯಾಗಾರದಲ್ಲಿ ಇದನ್ನು ಮಂಡಿಸಲಾಯಿತು. ಪ್ರಬಂಧದ ಲೇಖಕರ ಪಟ್ಟಿಯಲ್ಲಿ ವಿದ್ಯಾರ್ಥಿಗಳ ಹೆಸರುಗಳೂ ಇವೆ.

ತಂಡದ ಮುಂದೆ ಎರಡು ದಾರಿಗಳಿದ್ದವು. ಹೊಸ ತಂತ್ರಾಂಶವನ್ನೇ ಬರೆಯುವುದು ಒಂದು. ಪ್ಯಾರಾವ್ಯೂಗೆ ಪ್ಲಗಿನ್ ಬರೆಯುವುದು ಇನ್ನೊಂದು. ತಂಡ ಎರಡನೆಯದನ್ನು ಆರಿಸಿತು. ಕಡತ ಓದುವುದು, ಬಣ್ಣ ಹಾಕುವುದು, ಅನೇಕ ಕಂಪ್ಯೂಟರ್‌ಗಳಿಗೆ ಕೆಲಸ ಹಂಚುವುದು ಇವೆಲ್ಲ ಪ್ಯಾರಾವ್ಯೂನಲ್ಲಿ ಸಿದ್ಧವಾಗಿಯೇ ಇವೆ. ತಂಡ ಬರೆಯಬೇಕಾದದ್ದು ಸಮುದ್ರಕ್ಕೆ ವಿಶೇಷವಾದ ಭಾಗವನ್ನು ಮಾತ್ರ: ಸುಳಿಗಳನ್ನು ಗುರುತಿಸುವುದು, ಉಪ್ಪುನೀರು ದಿನದಿಂದ ದಿನಕ್ಕೆ ಎಲ್ಲಿ ಸಾಗಿತು ಎಂದು ಬೆನ್ನುಹತ್ತುವುದು ಮುಂತಾದವು. ಇವೆಲ್ಲ ಪ್ಯಾರಾವ್ಯೂನ ಫಿಲ್ಟರ್‌ಗಳಾಗಿಯೇ ಸಿಗುವುದರಿಂದ ಪ್ಯಾರಾವ್ಯೂ ಬಲ್ಲವರು ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ. ಬಂಗಾಳಕೊಲ್ಲಿಯ ದತ್ತಾಂಶದ ಮೇಲೆಯೇ ಇದನ್ನು ಪ್ರಯೋಗಿಸಿ ತೋರಿಸಲಾಗಿದೆ.

ಪ್ಲಗಿನ್ ಬರೆಯುವ ಬಗೆ

ಪ್ಯಾರಾವ್ಯೂ ಪ್ಲಗಿನ್ ಬರೆಯಲು ಮುಖ್ಯವಾಗಿ ಎರಡು ದಾರಿಗಳಿವೆ.

ಸಿ ಪ್ಲಸ್ ಪ್ಲಸ್ ದಾರಿ: ವೇಗ ಹೆಚ್ಚು, ಶ್ರಮವೂ ಹೆಚ್ಚು. ಮೂಲ ಕೋಡ್ ಜೊತೆಗೆ, ಯಾವ ಗುಂಡಿ ಎಲ್ಲಿ ಕಾಣಬೇಕು ಎಂದು ಹೇಳುವ ಎಕ್ಸ್‌ಎಂಎಲ್ ಕಡತ ಹಾಗೂ ಎಲ್ಲವನ್ನೂ ಒಟ್ಟಿಗೆ ಕಟ್ಟಲು ಸಿಮೇಕ್ ಎಂಬ ಉಪಕರಣದ ಕಡತ ಬೇಕು. ಪ್ಯಾರಾವ್ಯೂನ ಯಾವ ಆವೃತ್ತಿಗೆ ಕಟ್ಟಿದ್ದೀರೋ ಅದೇ ಆವೃತ್ತಿಯಲ್ಲಿ ಬಳಸಬೇಕು. ಆವೃತ್ತಿ ಬದಲಾದರೆ ಮತ್ತೆ ಕಟ್ಟಬೇಕು.

ಪೈಥಾನ್ ದಾರಿ: 2018ರಲ್ಲಿ ಬಂದ 5.6ನೇ ಆವೃತ್ತಿಯಿಂದ ಇದು ಬಹಳ ಸಲೀಸಾಗಿದೆ. ಒಂದೇ ಪೈಥಾನ್ ಕಡತ ಸಾಕು. ಫಿಲ್ಟರ್‌ನ ಹೆಸರು, ಅದಕ್ಕೆ ಯಾವ ಬಗೆಯ ದತ್ತಾಂಶ ಬೇಕು, ಬಳಕೆದಾರರು ಬದಲಿಸಬಹುದಾದ ಅಂಕಿ ಯಾವುದು ಎಂಬುದನ್ನು ಕೋಡ್‌ನ ತಲೆಯ ಮೇಲೆ ಗುರುತು ಹಾಕಿದರೆ ಪ್ಯಾರಾವ್ಯೂ ಅದಕ್ಕೆ ತಕ್ಕ ಗುಂಡಿಗಳನ್ನು ತಾನೇ ಮೂಡಿಸುತ್ತದೆ. ಮತ್ತೆ ಕಟ್ಟುವ ಗೋಜಿಲ್ಲ. ಹೆಸರೇ ಹೇಳುವಂತೆ ಪೈಪ್ಯಾರಾಓಶನ್ ಸಾಗಿದ್ದು ಪೈಥಾನ್ ದಾರಿಯಲ್ಲಿ.

ದಾರಿ ಯಾವುದೇ ಇರಲಿ, ಒಳಗಿನ ನಡವಳಿಕೆ ಒಂದೇ. ಪ್ಯಾರಾವ್ಯೂನಲ್ಲಿ ದತ್ತಾಂಶ ಒಂದು ಕೊಳವೆಯಲ್ಲಿ ಹರಿದಂತೆ ಸಾಗುತ್ತದೆ. ಕಡತ ಓದುವ ಘಟಕ ಮೊದಲು, ಆಮೇಲೆ ಒಂದರ ಹಿಂದೊಂದು ಫಿಲ್ಟರ್, ಕೊನೆಗೆ ಚಿತ್ರ. ಪ್ರತಿ ಫಿಲ್ಟರ್‌ಗೂ ಪ್ಯಾರಾವ್ಯೂ ಮೂರು ಹಂತಗಳಲ್ಲಿ ಮಾತನಾಡಿಸುತ್ತದೆ. ನಿನ್ನ ಬಳಿ ಯಾವ ಯಾವ ದಿನಗಳ ದತ್ತಾಂಶವಿದೆ ಎಂಬುದು ಮೊದಲ ಪ್ರಶ್ನೆ. ಈ ಕೆಲಸಕ್ಕೆ ಅದರಲ್ಲಿ ಯಾವ ಭಾಗ ಬೇಕು ಎಂಬುದು ಎರಡನೆಯದು. ಸರಿ, ಲೆಕ್ಕ ಮಾಡಿ ಕೊಡು ಎಂಬುದು ಮೂರನೆಯದು. ಮೊದಲ ಎರಡು ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸದ ಪ್ಲಗಿನ್ ಸಣ್ಣ ಕಡತದಲ್ಲಿ ಚೆನ್ನಾಗಿಯೇ ಓಡುತ್ತದೆ. ದೊಡ್ಡ ಕಡತ ಕೊಟ್ಟೊಡನೆ ಎಲ್ಲವನ್ನೂ ಒಮ್ಮೆಗೇ ನುಂಗಲು ಹೋಗಿ ಕಂಪ್ಯೂಟರನ್ನೇ ನಿಲ್ಲಿಸಿಬಿಡುತ್ತದೆ.

ಚಿತ್ರ ಚೆಂದ, ಉತ್ತರ ತಪ್ಪು!

ಪ್ಲಗಿನ್ ಮುರಿದು ಬಿದ್ದರೆ ಒಳ್ಳೆಯದೇ, ತಪ್ಪು ಗೊತ್ತಾಗುತ್ತದೆ. ಸುಂದರ ಚಿತ್ರ ತೋರಿಸಿ ತಪ್ಪು ಉತ್ತರ ಕೊಡುವ ಪ್ಲಗಿನ್ ಅಪಾಯಕಾರಿ. ಸಮುದ್ರದ ದತ್ತಾಂಶದಲ್ಲಿ ಇದಕ್ಕೆ ಅವಕಾಶಗಳು ಹಲವು.

* ಅಳತೆಯ ಗೊಂದಲ: ಬಿಂದುಗಳ ಸ್ಥಾನ ಡಿಗ್ರಿಯಲ್ಲಿರುತ್ತದೆ, ಹರಿವಿನ ವೇಗ ಸೆಕೆಂಡಿಗೆ ಮೀಟರ್‌ನಲ್ಲಿರುತ್ತದೆ. ಎರಡನ್ನೂ ಹಾಗೆಯೇ ಬೆರೆಸಿದರೆ ಸೆಕೆಂಡಿಗೆ ಅರ್ಧ ಮೀಟರ್ ಸಾಗಬೇಕಾದ ನೀರು ಅರ್ಧ ಡಿಗ್ರಿ, ಅಂದರೆ 50 ಕಿ.ಮೀ.ಗೂ ಹೆಚ್ಚು ಜಿಗಿಯುತ್ತದೆ.

* ಭೂಮಿಯ ದುಂಡು: ಒಂದು ಡಿಗ್ರಿ ರೇಖಾಂಶ ಸಮಭಾಜಕದ ಬಳಿ ಸುಮಾರು 111 ಕಿ.ಮೀ. ಉತ್ತರದ 15 ಡಿಗ್ರಿ ಅಕ್ಷಾಂಶದಲ್ಲಿ ಸುಮಾರು 107 ಕಿ.ಮೀ. ಈ ವ್ಯತ್ಯಾಸ ಮರೆತರೆ ಸುಳಿಯ ಆಕಾರ, ಗಾತ್ರ ಎರಡೂ ತಪ್ಪುತ್ತವೆ.

* ನೆಲದ ಜಾಗದ ಅಂಕಿ: ಭೂಮಿ ಇರುವ ಕಡೆ ಲವಣಾಂಶ ಎಂಬುದೇ ಇಲ್ಲ. ಅಲ್ಲಿ ಕಡತದಲ್ಲಿ ಗುರುತಿಗೆಂದು ಒಂದು ವಿಪರೀತ ಅಂಕಿ ತುಂಬಿರುತ್ತಾರೆ. ಪ್ಲಗಿನ್ ಅದನ್ನು ನಿಜವೆಂದು ನಂಬಿದರೆ ಕರಾವಳಿಯುದ್ದಕ್ಕೂ ಇಲ್ಲದ ಸುಳಿ, ಇಲ್ಲದ ಉಪ್ಪು ಕಾಣಿಸುತ್ತದೆ.

* ಆಳದ ದಿಕ್ಕು: ಕೆಲವು ಕಡತಗಳಲ್ಲಿ ಆಳ ಧನಾತ್ಮಕ ಅಂಕಿ, ಕೆಲವು ಕಡೆ ಋಣಾತ್ಮಕ. ಗಮನಿಸದಿದ್ದರೆ ಸಮುದ್ರ ತಲೆಕೆಳಗಾಗಿ ನಿಲ್ಲುತ್ತದೆ.

ಈ ತಪ್ಪುಗಳನ್ನು ಹಿಡಿಯಲು ಉತ್ತರ ಮೊದಲೇ ಗೊತ್ತಿರುವ ದತ್ತಾಂಶ ಬೇಕು. ಉದಾಹರಣೆಗೆ, ಗೊತ್ತಿರುವ ಜಾಗದಲ್ಲಿ ಗೊತ್ತಿರುವ ಅಗಲದ ಒಂದು ಕೃತಕ ಸುಳಿಯನ್ನು ಸೂತ್ರದಿಂದ ತಯಾರಿಸಿ ಪ್ಲಗಿನ್‌ಗೆ ಕೊಡಬೇಕು. ಅದೇ ಜಾಗ, ಅದೇ ಅಗಲ ಹೇಳಿದರೆ ಮಾತ್ರ ನಿಜವಾದ ಸಮುದ್ರದ ಮೇಲೆ ಬಿಡಬೇಕು. ಲವಣಾಂಶಕ್ಕೂ ಹೀಗೆಯೇ. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸರಾಸರಿ 35 ಗ್ರಾಂ ಉಪ್ಪು ಇರುತ್ತದೆ. ಬಂಗಾಳಕೊಲ್ಲಿಯ ಪಾಲಿಗೆ 35 ದಾಟಿದ ನೀರು ಎಂದರೆ ಹೊರಗಿನಿಂದ ಬಂದದ್ದಿರಬಹುದು ಎಂಬ ಸುಳಿವು. ಆ ಗಡಿಯಲ್ಲಿ ಸಣ್ಣ ಎಡವಟ್ಟಾದರೂ ನಕ್ಷೆಯೇ ಬದಲಾಗುತ್ತದೆ.

ಬರೆದ ಮೇಲೆ ಶುರುವಾಗುವ ಕೆಲಸ

ಪ್ಲಗಿನ್‌ನ ಒಂದು ಸಾಲನ್ನೂ ಮುಟ್ಟದಿದ್ದರೂ ಅದು ಒಂದು ದಿನ ನಿಂತುಹೋಗಬಹುದು. ಏಕೆಂದರೆ ಅದು ಆತುಕೊಂಡಿರುವ ಕೆಳಗಿನ ಪದರಗಳು ಬದಲಾಗುತ್ತಲೇ ಇರುತ್ತವೆ. ಹಿಂದಿನ ಕೆಲವು ವರ್ಷಗಳನ್ನು ನೋಡಿದರೆ ಇದು ಅರ್ಥವಾಗುತ್ತದೆ.

* 2013: ವಿಟಿಕೆ 6 ಬಂತು. ಒಂದು ಘಟಕಕ್ಕೆ ದತ್ತಾಂಶ ಕೊಡುವ ಹಳೆಯ ವಿಧಾನವನ್ನೇ ಕೈಬಿಡಲಾಯಿತು. ಅದನ್ನು ನೆಚ್ಚಿದ್ದ ಕೋಡ್‌ಗಳೆಲ್ಲ ತಿದ್ದುಪಡಿಗೆ ಒಳಗಾದವು. ಮಾಯಾವಿಯೂ ಇದಕ್ಕೆ ಹೊಂದಿಕೊಳ್ಳಬೇಕಾಯಿತು.

* 2019: ಪ್ಯಾರಾವ್ಯೂ 5.7ರಲ್ಲಿ ಪ್ಲಗಿನ್ ಕಟ್ಟುವ ಪದ್ಧತಿಯೇ ಬದಲಾಯಿತು. ಹಳೆಯ ಸಿಮೇಕ್ ಆದೇಶಗಳು ಹೋಗಿ ಹೊಸವು ಬಂದವು.

* 2020: ಜನವರಿ 1ಕ್ಕೆ ಪೈಥಾನ್ 2ಕ್ಕೆ ಬೆಂಬಲ ಕೊನೆಗೊಂಡಿತು. ಅದೇ ವರ್ಷ ಬಂದ ವಿಟಿಕೆ 9 ಒಳಗಿನ ಜೋಡಣೆಗಳನ್ನು ಬದಲಿಸಿತು.

* 2024: ಪೈಥಾನ್‌ನಲ್ಲಿ ಅಂಕಿಗಳ ಲೆಕ್ಕಕ್ಕೆ ಬಳಸುವ ನಂಪೈನ 2.0 ಆವೃತ್ತಿ ಜೂನ್‌ನಲ್ಲಿ ಬಂತು. ಹಳೆಯ ಹಲವು ಹೆಸರುಗಳು ತೆಗೆದುಹಾಕಲ್ಪಟ್ಟವು.

ಇದರ ಜೊತೆಗೆ ಇನ್ನೊಂದು ತೊಡಕಿದೆ. ಪ್ಯಾರಾವ್ಯೂ ತನ್ನದೇ ಪೈಥಾನ್ ಅನ್ನು ಹೊತ್ತು ತರುತ್ತದೆ. ಪ್ಲಗಿನ್‌ಗೆ ಬೇಕಾದ ಹೆಚ್ಚುವರಿ ಪ್ಯಾಕೇಜ್‌ಗಳು ಆ ಪೈಥಾನ್‌ಗೆ ಸರಿಹೊಂದಬೇಕು. ಬರೆದವರ ಲ್ಯಾಪ್‌ಟಾಪ್‌ನಲ್ಲಿ ಸರಾಗವಾಗಿ ಓಡಿದ ಪ್ಲಗಿನ್ ಇನ್ನೊಬ್ಬರ ಬಳಿ ತಕರಾರು ಮಾಡಲು ಇದು ಒಂದು ದೊಡ್ಡ ಕಾರಣ.

ಯಾರು ನೋಡಿಕೊಳ್ಳಬೇಕು?

ತೊಂದರೆಯ ಬೇರು ತಂತ್ರಜ್ಞಾನದಲ್ಲಿ ಮಾತ್ರ ಇಲ್ಲ. ವಿಶ್ವವಿದ್ಯಾಲಯಗಳಲ್ಲಿ ಪ್ಲಗಿನ್ ಬರೆಯುವವರು ಬಹುತೇಕ ವಿದ್ಯಾರ್ಥಿಗಳು. ಎಂ.ಟೆಕ್ ವಿದ್ಯಾರ್ಥಿ ಎರಡು ವರ್ಷದಲ್ಲಿ ಓದು ಮುಗಿಸಿ ಕೆಲಸಕ್ಕೆ ಸೇರುತ್ತಾರೆ. ಪ್ರಬಂಧ ಪ್ರಕಟವಾದೊಡನೆ ಲೆಕ್ಕದ ಪ್ರಕಾರ ಯೋಜನೆ ಮುಗಿದಂತೆ. ಪ್ಲಗಿನ್‌ನ ಆಯುಸ್ಸು ಮಾತ್ರ ಶುರುವಾಗುವುದೇ ಆಗ. ಹೊಸ ಸಂಶೋಧನೆಗೆ ಅನುದಾನ ಸಿಗುತ್ತದೆ, ಪ್ರಬಂಧಕ್ಕೆ ಮನ್ನಣೆ ಸಿಗುತ್ತದೆ. ಹಳೆಯ ಪ್ಲಗಿನ್ ಹೊಸ ಆವೃತ್ತಿಯಲ್ಲಿ ಓಡುವಂತೆ ತಿದ್ದಿದ್ದಕ್ಕೆ ಅಂಕವೂ ಇಲ್ಲ, ಬಡ್ತಿಯೂ ಇಲ್ಲ.

ನಷ್ಟ ಆಗುವುದು ವಿಜ್ಞಾನಕ್ಕೆ. ಒಂದು ಪ್ರಬಂಧದಲ್ಲಿ 'ಇಲ್ಲಿ ಸುಳಿ ಇದೆ' ಎಂದು ಬರೆದಿದ್ದರೆ ಐದು ವರ್ಷಗಳ ನಂತರ ಬೇರೊಬ್ಬರು ಅದೇ ದತ್ತಾಂಶ, ಅದೇ ಪ್ಲಗಿನ್ ಬಳಸಿ ಅದನ್ನು ಪರಿಶೀಲಿಸಲು ಆಗಬೇಕು. ಪ್ಲಗಿನ್ ಓಡದಿದ್ದರೆ ಪರಿಶೀಲನೆ ಸಾಧ್ಯವಿಲ್ಲ. ಓದುಗರು ಮಾತನ್ನು ನಂಬಬೇಕಷ್ಟೆ.

ಉಳಿದುಕೊಂಡ ಪ್ಲಗಿನ್‌ಗಳನ್ನು ಗಮನಿಸಿದರೆ ಮೂರು ದಾರಿಗಳು ಕಾಣುತ್ತವೆ.

ಒಂದು, ಮೂಲ ತಂತ್ರಾಂಶದೊಳಗೆ ಸೇರಿಕೊಳ್ಳುವುದು. ಫ್ರಾನ್ಸಿನ ಜೂಲಿಯನ್ ಟಿಯೆರ್ನಿ ಅವರ ತಂಡ 2017ರಲ್ಲಿ ಹೊರತಂದ ಟಿಟಿಕೆ ಎಂಬ ಪ್ಲಗಿನ್ ಸಮೂಹವನ್ನು ಮೊದಲು ಪ್ರತ್ಯೇಕವಾಗಿ ಜೋಡಿಸಿಕೊಳ್ಳಬೇಕಿತ್ತು. ಪ್ಯಾರಾವ್ಯೂ 5.10ರಿಂದ ಅದು ಅಧಿಕೃತ ಪ್ಯಾಕೇಜ್‌ನ ಜೊತೆಗೇ ಬರುತ್ತದೆ. ಪ್ಯಾರಾವ್ಯೂ ಪರೀಕ್ಷೆಗೆ ಒಳಗಾದಾಗ ಅದೂ ಪರೀಕ್ಷೆಗೆ ಒಳಗಾಗುತ್ತದೆ.

ಎರಡು, ಮಾಯಾವಿಯ ಟಿವಿಟಿಕೆಯಂತೆ, ಕೆಳಗಿನ ಪದರ ಬದಲಾದಾಗ ತಾನೂ ಹೊಂದಿಕೊಳ್ಳುವ ಹಾಗೆ ಮೊದಲೇ ಕಟ್ಟುವುದು.

ಮೂರು, ನಿರ್ವಹಣೆಗೇ ಹಣ ಮತ್ತು ಮನ್ನಣೆ ಒದಗಿಸುವುದು. ಅಮೆರಿಕದ ಚಾನ್ ಜುಕರ್‌ಬರ್ಗ್ ಪ್ರತಿಷ್ಠಾನ 2019ರಿಂದ ವಿಜ್ಞಾನಕ್ಕೆ ಅಗತ್ಯವಾದ ಮುಕ್ತ ತಂತ್ರಾಂಶಗಳ ನಿರ್ವಹಣೆಗೆಂದೇ ಅನುದಾನ ನೀಡಿದೆ. 2016ರಲ್ಲಿ ಆರಂಭವಾದ 'ಜರ್ನಲ್ ಆಫ್ ಓಪನ್ ಸೋರ್ಸ್ ಸಾಫ್ಟ್‌ವೇರ್' ಎಂಬ ಪತ್ರಿಕೆ ತಂತ್ರಾಂಶವನ್ನೇ ಸಂಶೋಧನಾ ಕೃತಿ ಎಂದು ಪರಿಗಣಿಸಿ ಪರಿಶೀಲಿಸಿ ಪ್ರಕಟಿಸುತ್ತದೆ.

ಪ್ಲಗಿನ್ ಬರೆಯುವವರು ಗಮನಿಸಬೇಕಾದ ಅಂಶಗಳು

1. ಲೈಸೆನ್ಸ್ ಮೊದಲ ದಿನವೇ ಹಾಕಿ. ವಿಟಿಕೆ, ಪ್ಯಾರಾವ್ಯೂ, ಮಾಯಾವಿ ಮೂರೂ ಬಿಎಸ್‌ಡಿ ಮಾದರಿಯ ಲೈಸೆನ್ಸ್ ಹೊಂದಿವೆ. ಲೈಸೆನ್ಸ್ ಇಲ್ಲದ ಕೋಡ್ ಅಂತರ್ಜಾಲದಲ್ಲಿದ್ದರೂ ಬೇರೆಯವರು ಅದನ್ನು ತಿದ್ದಿ ಹಂಚುವ ಹಾಗಿಲ್ಲ.

2. ಲೆಕ್ಕ ಮತ್ತು ಗುಂಡಿಗಳನ್ನು ಬೇರೆ ಬೇರೆ ಕಡತಗಳಲ್ಲಿ ಇಡಿ. ಸುಳಿ ಹುಡುಕುವ ಲೆಕ್ಕಕ್ಕೆ ಪ್ಯಾರಾವ್ಯೂನ ಹಂಗು ಬೇಡ. ಪ್ಯಾರಾವ್ಯೂ ಬದಲಾದರೆ ತಿದ್ದಬೇಕಾದದ್ದು ತೆಳುವಾದ ಹೊರಪದರ ಮಾತ್ರ ಆಗಿರಲಿ.

3. ಯಾವ ಆವೃತ್ತಿಗಳಲ್ಲಿ ಪರೀಕ್ಷಿಸಿದ್ದೀರಿ ಎಂದು ಸ್ಪಷ್ಟವಾಗಿ ಬರೆಯಿರಿ.

4. ಕೆಲವು ಎಂಬಿಯಷ್ಟು ಸಣ್ಣ ಮಾದರಿ ದತ್ತಾಂಶವನ್ನು, ಬರಬೇಕಾದ ಉತ್ತರದ ಸಹಿತ, ಪ್ಲಗಿನ್ ಜೊತೆಗೇ ಕೊಡಿ. ಕೋಡ್ ಬದಲಾದಾಗಲೆಲ್ಲ ಅದರ ಮೇಲೆ ತಂತಾನೇ ಪರೀಕ್ಷೆ ನಡೆಯುವಂತೆ ಮಾಡಿ.

5. ಹೊರಗಿನ ಪ್ಯಾಕೇಜ್‌ಗಳನ್ನು ಆದಷ್ಟು ಕಡಿಮೆ ನೆಚ್ಚಿಕೊಳ್ಳಿ.

6. ತಂಡ ಬಿಡುವ ಮುನ್ನ ಮುಂದಿನವರಿಗೆ ಕೀಲಿಕೈ ಒಪ್ಪಿಸಿ. ಕೋಡ್ ಇರುವ ಖಾತೆ ಒಬ್ಬರ ವೈಯಕ್ತಿಕ ಹೆಸರಿನಲ್ಲಿರದೆ ತಂಡದ ಹೆಸರಿನಲ್ಲಿರಲಿ.

ಕಲಿಯುವುದು ಎಲ್ಲಿಂದ?

ಪ್ಯಾರಾವ್ಯೂ ಜೊತೆಗೆ ಮಾದರಿ ಪ್ಲಗಿನ್‌ಗಳ ಕೋಡ್ ಸಿಗುತ್ತದೆ. ಹೊಸಬರು ಖಾಲಿ ಹಾಳೆಯಿಂದ ಶುರು ಮಾಡದೆ ಅವುಗಳಲ್ಲಿ ಒಂದನ್ನು ತೆಗೆದುಕೊಂಡು ಒಂದೊಂದೇ ಸಾಲು ಬದಲಿಸಿ ನೋಡುವುದು ಒಳ್ಳೆಯದು. ಮೊದಲ ಪ್ಲಗಿನ್ ತುಂಬಾ ಸರಳವಾಗಿರಲಿ. ಉದಾಹರಣೆಗೆ, ಲವಣಾಂಶ 35 ದಾಟಿದ ಬಿಂದುಗಳನ್ನು ಮಾತ್ರ ಉಳಿಸಿಕೊಳ್ಳುವ ಫಿಲ್ಟರ್.

ಪೈಥಾನ್ ಗೊತ್ತಿಲ್ಲದವರಿಗೂ ದಾರಿ ಇದೆ. ಐಐಟಿ ಬಾಂಬೆಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯದ ನೆರವಿನಿಂದ ನಡೆಯುವ 'ಫಾಸಿ' ಯೋಜನೆ ಶಿಕ್ಷಣ ಕ್ಷೇತ್ರದಲ್ಲಿ ಪೈಥಾನ್, ಸೈಲ್ಯಾಬ್, ಓಪನ್‌ಫೋಮ್‌ನಂಥ ಮುಕ್ತ ತಂತ್ರಾಂಶಗಳ ಬಳಕೆಯನ್ನು ಉತ್ತೇಜಿಸುತ್ತದೆ. ಗಾಳಿ-ನೀರಿನ ಹರಿವನ್ನು ಲೆಕ್ಕ ಹಾಕುವ ಓಪನ್‌ಫೋಮ್‌ನ ಫಲಿತಾಂಶ ನೋಡಲು ಸಾಮಾನ್ಯವಾಗಿ ಬಳಸುವುದು ಪ್ಯಾರಾವ್ಯೂವನ್ನೇ. ಅದೇ ಕ್ಯಾಂಪಸ್‌ನ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆಯಲ್ಲಿ ಹಲವು ತಂತ್ರಾಂಶಗಳ ಪಾಠಗಳು ಕನ್ನಡ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಉಚಿತವಾಗಿ ಸಿಗುತ್ತವೆ.

ಸೂಪರ್ ಕಂಪ್ಯೂಟರ್ ಇಲ್ಲದೆ ಇದೆಲ್ಲ ಆಗದು ಎಂಬ ಭಯ ಬೇಡ. ಐಐಎಸ್‌ಸಿಯಲ್ಲಿ 2022ರಲ್ಲಿ ಕಾರ್ಯಾರಂಭ ಮಾಡಿದ 'ಪರಮ್ ಪ್ರವೇಗ'ದ ಸಾಮರ್ಥ್ಯ 3.3 ಪೆಟಾಫ್ಲಾಪ್. ಅಂಥ ಯಂತ್ರ ಬೇಕಾಗುವುದು ದೊಡ್ಡ ಲೆಕ್ಕಗಳಿಗೆ. ಪ್ಲಗಿನ್ ಬರೆದು ಪರೀಕ್ಷಿಸಲು 8 ಜಿಬಿ ಮೆಮೊರಿಯ ಮಾಮೂಲಿ ಲ್ಯಾಪ್‌ಟಾಪ್, ಒಂದು ವಾರದ ದತ್ತಾಂಶ ಸಾಕು.

ಹೊಸ ಪ್ಲಗಿನ್ ಬರೆಯುವುದೊಂದೇ ಸೇವೆಯಲ್ಲ. ಈಗಾಗಲೇ ಇರುವ ಪ್ಲಗಿನ್ ಒಂದನ್ನು ಪ್ಯಾರಾವ್ಯೂನ ಇತ್ತೀಚಿನ ಆವೃತ್ತಿಯಲ್ಲಿ ಓಡಿಸಿ ನೋಡಿ, ಎಲ್ಲಿ ಮುರಿಯಿತು ಎಂದು ಬರೆದವರಿಗೆ ತಿಳಿಸುವುದೂ ಸಹಾಯವೇ. ತಿದ್ದಿ ಕಳಿಸಿದರೆ ಇನ್ನೂ ದೊಡ್ಡ ಸಹಾಯ. ಐರೋಲಿಯ ಐಟಿ ಪಾರ್ಕ್‌ಗಳಲ್ಲಿ ಹಗಲೆಲ್ಲ ಬೇರೆಯವರ ಹಳೆಯ ಕೋಡ್ ತಿದ್ದುವುದೇ ಕಸುಬಾಗಿರುವ ಎಂಜಿನಿಯರ್‌ಗಳಿಗೆ ಇದು ಹೊಸ ವಿದ್ಯೆಯೇನಲ್ಲ. ಪ್ರಯೋಗಾಲಯಗಳಲ್ಲಿ ಕೊರತೆ ಇರುವುದು ಇದೇ ವಿದ್ಯೆಗೆ. ವಾರಕ್ಕೆ ಒಂದೆರಡು ಗಂಟೆ ಕೊಟ್ಟರೂ, ವಿದ್ಯಾರ್ಥಿಯೊಬ್ಬರು ಎರಡು ವರ್ಷ ಬೆವರು ಸುರಿಸಿ ಬರೆದ ಪ್ಲಗಿನ್ ಮುಂದಿನ ಮುಂಗಾರಿನ ಲೆಕ್ಕಕ್ಕೂ ಒದಗುತ್ತದೆ.